ಬೌಲರ್ ಇಲ್ಲದ ಚೆಂಡು

ಚಿಂತಾಮಣಿಯ ಝಾನ್ಸಿ ಕ್ರೀಡಾಂಗಣದಲ್ಲಾಗಲಿ, ಶಿಡ್ಲಘಟ್ಟದ ನೆಹರು ಕ್ರೀಡಾಂಗಣದಲ್ಲಾಗಲಿ ಭಾನುವಾರ ಟೆನಿಸ್ ಬಾಲ್ ಆಡುವ ಹುಡುಗರಿಗೆ ಅಭ್ಯಾಸವೆಂಬುದು ಬೇರೆ ಇಲ್ಲ, ಆಟವೇ ಅಭ್ಯಾಸ. ಇವರಲ್ಲಿ ಯಾರಾದರೂ ಚೆನ್ನಾಗಿ ಹೊಡೆದರೆ ಊರಿನವರು ಹೇಳುವ ಮಾತು ಒಂದೇ: ಬೆಂಗಳೂರಿಗೆ ಕಳಿಸಿ, ಅಲ್ಲಿ ಬೌಲಿಂಗ್ ಮಷೀನ್ ಇದೆ. ಮಷೀನ್ ಸಿಕ್ಕರೆ ಟೈಮಿಂಗ್ ತಾನಾಗಿ ಬರುತ್ತದೆ ಎಂಬ ಈ ನಂಬಿಕೆ ನನಗೆ ಒಪ್ಪಿಗೆಯಿಲ್ಲ.

ಗಂಟೆಗೆ 140 ಕಿ.ಮೀ. ವೇಗದ ಎಸೆತ ಒಂದು ಕ್ರೀಸಿನಿಂದ ಇನ್ನೊಂದಕ್ಕೆ ಬರಲು ಹಿಡಿಯುವುದು ಹೆಚ್ಚುಕಡಿಮೆ ಅರ್ಧ ಸೆಕೆಂಡು. ಸಾಫ್ಟ್‌ಬಾಲ್‌ನಲ್ಲಿ ವೇಗ ಕಡಿಮೆ, ಆದರೆ ಮಹಿಳೆಯರ ಪಂದ್ಯದಲ್ಲಿ ಪಿಚರ್ ನಿಲ್ಲುವುದು ಕೇವಲ 43 ಅಡಿ ದೂರದಲ್ಲಿ. ಅಲ್ಲೂ ಅದೇ ಅರ್ಧ ಸೆಕೆಂಡಿನ ಲೆಕ್ಕ. ಅಷ್ಟರಲ್ಲಿ ಚೆಂಡನ್ನು ಕೊನೆಯವರೆಗೆ ನೋಡಿ, ಆಮೇಲೆ ಬ್ಯಾಟ್ ಬೀಸಲು ಯಾರಿಂದಲೂ ಆಗದು. ನುರಿತ ಬ್ಯಾಟರ್ ಬೌಲರನ ಓಟ, ಭುಜ, ಮಣಿಕಟ್ಟು ನೋಡಿಯೇ ಅರ್ಧ ನಿರ್ಧಾರ ಮಾಡಿರುತ್ತಾನೆ. 2004ರ ಒಂದು ಪ್ರದರ್ಶನ ಪಂದ್ಯದಲ್ಲಿ ಅಮೆರಿಕದ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್, ಆಲ್ಬರ್ಟ್ ಪೂಜೋಲ್ಸ್‌ನಂಥ ಬೇಸ್‌ಬಾಲ್ ದಿಗ್ಗಜನಿಗೆ ಚೆಂಡು ತಾಗಲೂ ಬಿಡದೆ ಔಟ್ ಮಾಡಿದಳು. ಪೂಜೋಲ್ಸ್‌ನ ಕಣ್ಣು ಮಂದವಾಗಿರಲಿಲ್ಲ. ಸೊಂಟದ ಕೆಳಗಿನಿಂದ ಬೀಸಿ ಬರುವ ಕೈಯನ್ನು ಓದಿ ಅವನಿಗೆ ರೂಢಿಯಿರಲಿಲ್ಲ.

ಮಷೀನ್ ಕಸಿದುಕೊಳ್ಳುವುದು ಈ ಓದನ್ನೇ. ಅಲ್ಲಿ ಓಟವಿಲ್ಲ, ಭುಜವಿಲ್ಲ. ತೂತಿನಿಂದ ಚೆಂಡು ಹಾರಿಬರುತ್ತದೆ. ಬೌಲರ್ ಎದುರು ಮತ್ತು ಮಷೀನ್ ಎದುರು ಒಬ್ಬನೇ ಬ್ಯಾಟರನ್ನು ನಿಲ್ಲಿಸಿ ಅಳೆದ ಕ್ರೀಡಾವಿಜ್ಞಾನಿಗಳು, ಬ್ಯಾಟ್ ಎತ್ತುವ ಗಳಿಗೆಯೂ ಮುಂಗಾಲು ಇಡುವ ಗಳಿಗೆಯೂ ಬದಲಾಗುವುದನ್ನು ಕಂಡಿದ್ದಾರೆ. ಅಂದರೆ ಹುಡುಗ ಸಾವಿರ ಚೆಂಡು ಹೊಡೆದು ಕಲಿಯುವುದು ಮಷೀನಿನ ತಾಳವನ್ನು. (ಬ್ಯಾಟರುಗಳ ಕಣ್ಣು ಚೆಂಡಿಗಿಂತ ಮೊದಲೇ ಪುಟಿಯುವ ಜಾಗಕ್ಕೆ ನೆಗೆಯುತ್ತದೆ ಎಂದು 2000ರಲ್ಲಿ ತೋರಿಸಿದ ಲ್ಯಾಂಡ್ ಮತ್ತು ಮೆಕ್‌ಲಿಯಾಡ್ ಅವರ ಹೆಸರಾಂತ ಪ್ರಯೋಗ ನಡೆದದ್ದೂ ಮಷೀನ್ ಎದುರೇ ಎಂಬುದು ತಮಾಷೆ.) ಒಂದೇ ಹೊಡೆತವನ್ನು ತಿದ್ದಬೇಕಾದಾಗ ಮಷೀನ್ ಒಳ್ಳೆಯದೇ. ಮರಕ್ಕೆ ಕಾಲುಚೀಲದಲ್ಲಿ ಚೆಂಡು ತೂಗುಹಾಕಿ ಹೊಡೆಯುವುದಕ್ಕೂ, ಸಾಫ್ಟ್‌ಬಾಲ್‌ನವರು ಕಂಬದ ಮೇಲೆ ಚೆಂಡಿಟ್ಟು ಹೊಡೆಯುವುದಕ್ಕೂ ಅಷ್ಟೇ ಬೆಲೆ ಕೊಡುತ್ತೇನೆ: ಕೈ ನೇರವಾಗುತ್ತದೆ, ಟೈಮಿಂಗ್ ಬರುವುದಿಲ್ಲ.

ನಡುದಾರಿಯೊಂದನ್ನು ತೋರಿಸಿದವರು ನಮ್ಮ ಕುಮಟಾದ ರಾಘವೇಂದ್ರ. ಭಾರತ ತಂಡದ ಬ್ಯಾಟರುಗಳಿಗೆ ಸೈಡ್‌ಆರ್ಮ್ ಎಂಬ ಉದ್ದ ಹಿಡಿಯ ಸಾಧನದಿಂದ ಚೆಂಡೆಸೆಯುವ ಅವರ ಕೈಯಲ್ಲಿ ವೇಗ ಗಂಟೆಗೆ 150 ಕಿ.ಮೀ. ಸುಮಾರಿಗೆ ಹೋಗುತ್ತದೆ. ವೇಗದ ಬೌಲಿಂಗನ್ನು ತಾನು ಎದುರಿಸುವ ಬಗೆ ಸುಧಾರಿಸಿದ್ದರ ಶ್ರೇಯವನ್ನು ವಿರಾಟ್ ಕೊಹ್ಲಿ ಬಹಿರಂಗವಾಗಿಯೇ ರಾಘು ಅವರಿಗೆ ಕೊಟ್ಟಿದ್ದಾರೆ. ಇಲ್ಲಿ ಎಸೆಯುವ ಮನುಷ್ಯನೊಬ್ಬ ಕಾಣುತ್ತಾನೆ, ಲೆಂಗ್ತ್ ಬದಲಾಗುತ್ತದೆ, ಕೆಲವೊಮ್ಮೆ ಮೋಸವೂ ನಡೆಯುತ್ತದೆ. ಬೌಲರನ ಪೂರ್ಣ ಓಟ ಮಾತ್ರ ಇಲ್ಲ.

ಹಾಗೆಂದು ನಮ್ಮ ಮೈದಾನದ ಆಟವನ್ನು ಹೊಗಳಿ ಕೂರುವಂತಿಲ್ಲ. ಹತ್ತು ಜನರ ಹತ್ತು ಬಗೆಯ ಕೈ ನೋಡಿ ಹುಡುಗರ ಕಣ್ಣು ಪಳಗಿರುತ್ತದೆ, ನಿಜ. ಆದರೆ ಟೆನಿಸ್ ಚೆಂಡಿನ ತೂಕ 60 ಗ್ರಾಂ ಒಳಗೆ, ಲೆದರ್ ಬಾಲ್ ಸುಮಾರು 160 ಗ್ರಾಂ. ಎತ್ತರಕ್ಕೆ ಪುಟಿಯುವ ಹಗುರ ಚೆಂಡಿಗೆ ಅಡ್ಡ ಬೀಸಿ ರೂಢಿಯಾದವನು ಲೆದರ್ ಬಾಲ್ ಎದುರು ಬೇಗ ಬ್ಯಾಟ್ ಬೀಸಿ ಗಾಳಿಯಲ್ಲಿ ಕ್ಯಾಚ್ ಕೊಡುತ್ತಾನೆ.

ಕೈ ಓದುವುದೆಂದರೆ ಏನೆಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆಯಿದೆ. 2024ರ ಜನವರಿ 18ರಂದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಸಚಿನ್, ಯುವರಾಜ್ ಮುಖಾಮುಖಿಯಾದ ಪಂದ್ಯದ ಕೊನೆಯ ಓವರಿನಲ್ಲಿ ಇರ್ಫಾನ್ ಪಠಾಣ್ ಸಿಕ್ಸರ್ ಎತ್ತಿ ಗೆಲ್ಲಿಸಿದರು. ಬೌಲರ್ ಅವರ ಅಣ್ಣ ಯೂಸುಫ್! ಒಂದು ಹೊಡೆತದಿಂದ ಏನೂ ಸಾಬೀತಾಗದು. ಆದರೂ ಅಣ್ಣನ ಕೈಯನ್ನು ಬಾಲ್ಯದಿಂದ ಓದಿದವನ ಬ್ಯಾಟು ಅದು.

ಆದ್ದರಿಂದ ಗೌರಿಬಿದನೂರಿನ ಯಾವುದಾದರೂ ಕ್ಲಬ್ ಕೈಯಲ್ಲಿ ಹಣವಿದ್ದರೆ ಮಷೀನಿಗಿಂತ ಮೊದಲು ಮ್ಯಾಟು, ಲೆದರ್ ಬಾಲುಗಳು, ಒಂದು ಸೈಡ್‌ಆರ್ಮ್ ಕೊಳ್ಳಲಿ. ಸಾಫ್ಟ್‌ಬಾಲ್ ಆಡಿಸುವ ಶಾಲೆಗಳ ಪಿ.ಇ. ಮೇಷ್ಟ್ರುಗಳಿಗೂ ಇದೇ ಮಾತು: ಬ್ಯಾಟ್ ಹಿಡಿದ ಹುಡುಗಿಯರನ್ನು ತಿದ್ದುವ ಮೊದಲು ಇಬ್ಬರು ಪಿಚರ್‌ಗಳನ್ನು ತಯಾರು ಮಾಡಿ, ಉಳಿದವರೆಲ್ಲ ಅವರ ಕೈ ನೋಡಿಯೇ ಆಡಲಿ.