ಪಾತ್ರಭಾರದ ಸಮತೂಕ: ಮೇಜಿನಾಟ ಮತ್ತು ತಾಳಮದ್ದಳೆ

ಹಲವರು ಕೂಡಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಬರೆದಿಟ್ಟ ಸಂಭಾಷಣೆಯ ನೆರವಿಲ್ಲದೆ ಕಥೆಯನ್ನು ನಡೆಸುವ ಕಲೆಯಲ್ಲಿ ಒಂದು ತೊಡಕು ಇದ್ದೇ ಇರುತ್ತದೆ. ಪಾತ್ರಗಳಲ್ಲಿ ಕೆಲವು ಸುಲಭ, ಕೆಲವು ಕ್ಲಿಷ್ಟ. ನುರಿತವನಿಗೆ ಬೇಸರವಾಗದಂತೆ, ಹೊಸಬನು ಮೂಕನಾಗದಂತೆ ಇವನ್ನು ಹಂಚುವ ಬಗೆ ಯಾವುದು? ಬಾಳಗಡಿಯ ಸುತ್ತಣ ಮಲೆನಾಡಿನಲ್ಲಿ ಮಳೆಗಾಲದ ತಾಳಮದ್ದಳೆಯ ಕೂಟಗಳನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಪಾಶ್ಚಾತ್ಯರ ಮೇಜಿನ ಪಾತ್ರಕ್ರೀಡೆಯೂ ಇದೇ ಪ್ರಶ್ನೆಯನ್ನು ಅರ್ಧ ಶತಮಾನದಿಂದ ಎದುರಿಸುತ್ತಿದೆ. ಎರಡನ್ನೂ ಒಟ್ಟಿಗೆ ಇರಿಸಿ ಪರಿಶೀಲಿಸುವುದು ನಮ್ಮ ಉದ್ದೇಶ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಅಮೆರಿಕೆಯಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ಮೂಲ. ಆಟಗಾರರು ಮೇಜಿನ ಸುತ್ತ ಕುಳಿತು ತಮ್ಮ ಪಾತ್ರವು ಏನು ಮಾಡುವುದೆಂದು ಬಾಯಿಂದಲೇ ಹೇಳುತ್ತಾರೆ. ಸಂದೇಹವಿದ್ದಲ್ಲಿ ಫಲವನ್ನು ದಾಳವು ನಿರ್ಣಯಿಸುತ್ತದೆ. ನಿರ್ವಾಹಕನೊಬ್ಬನು ಕಥೆಯನ್ನು ಮುನ್ನಡೆಸುತ್ತಾನೆ. ಮೊದಲಲ್ಲಿ ಪಾತ್ರವರ್ಗಗಳು ಮೂರು: ಯೋಧ, ಮಾಂತ್ರಿಕ, ಧರ್ಮಗುರು. ಯೋಧನ ಕೆಲಸ ಆಯುಧವನ್ನು ಬೀಸುವುದು. ಅದನ್ನು ಯಾರೂ ಬೇಗ ಕಲಿಯಬಹುದು. ಮಾಂತ್ರಿಕನಿಗಾದರೋ ಆರಂಭದಲ್ಲಿ ಇರುವುದು ಒಂದೇ ಮಂತ್ರ. ಮುಂದೆ ಮಂತ್ರಗಳು ಹೆಚ್ಚಿದಂತೆ ಅವುಗಳ ಆಯ್ಕೆಯೂ ಲೆಕ್ಕವೂ ಬೆಳೆದು, ಬಲದಲ್ಲಿ ಅವನು ಯೋಧನನ್ನು ಮೀರುತ್ತಾನೆ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡತಕ್ಕದ್ದು. ಪಾತ್ರದ ಬಲ ಒಂದು. ಪಾತ್ರವನ್ನು ಹೊತ್ತವನ ಮೇಲಣ ಭಾರ ಇನ್ನೊಂದು. ಇವೆರಡನ್ನು ಬೆಸೆದರೆ ಸುಲಭವಾದ ಪಾತ್ರವನ್ನು ಹಿಡಿದವನು ದುರ್ಬಲನಾಗಿಯೇ ಉಳಿಯಬೇಕಾಗುತ್ತದೆ. ಈ ದೋಷವನ್ನು ನೀಗಲು 2008ರ ನಾಲ್ಕನೆಯ ಆವೃತ್ತಿಯು ಎಲ್ಲ ವರ್ಗಗಳಿಗೂ ಒಂದೇ ಚೌಕಟ್ಟನ್ನು ತೊಡಿಸಿತು. ಯಾವಾಗಲೂ ಬಳಸಬಹುದಾದ, ಕಾಳಗಕ್ಕೊಮ್ಮೆ ಬಳಸಬಹುದಾದ, ದಿನಕ್ಕೊಮ್ಮೆ ಬಳಸಬಹುದಾದ ಶಕ್ತಿಗಳು ಯೋಧನಿಗೂ ಮಾಂತ್ರಿಕನಿಗೂ ಸಮವಾಗಿ ದೊರೆತವು. ಬಲವು ಸರಿದೂಗಿತೆಂಬುದು ನಿಜ. ಆದರೆ ಭಾರವೂ ಸಮವಾದುದರಿಂದ ಸರಳವಾದ ಪಾತ್ರವನ್ನು ಬಯಸಿದವನಿಗೆ ಎಡೆಯಿಲ್ಲದಾಯಿತು. ಸಮಾನತೆಯೆಂದರೆ ಏಕರೂಪತೆ ಎಂದು ಭಾವಿಸಿದ್ದೇ ಇದರ ತಪ್ಪೆಂದು ನಮ್ಮ ಅಭಿಪ್ರಾಯ.

ಇನ್ನು ತಾಳಮದ್ದಳೆಯ ಕಡೆಗೆ ತಿರುಗೋಣ. ಈ ಕಲೆ ಪ್ರಾಚೀನವಾದುದು. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿಯನ್ನು ಬಿಟ್ಟ ಉಲ್ಲೇಖವನ್ನು ವಿದ್ವಾಂಸರು ಗುರುತಿಸಿದ್ದಾರೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಅರ್ಥಧಾರಿಯು ಕುಳಿತಲ್ಲಿಯೇ ಅದಕ್ಕೆ ಆಶುವಾಗಿ ಅರ್ಥ ಹೇಳುತ್ತಾನೆ. ಇಲ್ಲಿ ಪದ್ಯವು ಹೊಸಬನಿಗೆ ಊರುಗೋಲು. ಪದ್ಯದಲ್ಲಿ ಇದ್ದಷ್ಟನ್ನು ಶುದ್ಧವಾದ ಮಾತಿನಲ್ಲಿ ಹೇಳಿದರೂ ಪಾತ್ರವು ನಿಲ್ಲುತ್ತದೆ, ಕಥೆ ಸಾಗುತ್ತದೆ. ನುರಿತವನು ಅದೇ ಪದ್ಯದಿಂದ ಧರ್ಮಸೂಕ್ಷ್ಮದ ವಾದವನ್ನೇ ಹೊರಡಿಸಬಲ್ಲನು. ಪಾರ್ತಿಸುಬ್ಬನ ವಾಲಿವಧೆಯಲ್ಲಿ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವ ಸಂದರ್ಭ ಇದಕ್ಕೆ ನಿದರ್ಶನ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು (1918–2006) ಪ್ರತಿನಾಯಕರ ಪಾತ್ರಗಳಿಗೆ ತಂದುಕೊಟ್ಟ ತರ್ಕದ ಘನತೆಯು ಪದ್ಯದಲ್ಲಿ ಬರೆದಿಟ್ಟುದಲ್ಲ, ಅರ್ಥಧಾರಿ ಸಂಪಾದಿಸಿದುದು. ಎಂದರೆ, ಕ್ಲಿಷ್ಟತೆಯು ಇಲ್ಲಿ ಪಾತ್ರಕ್ಕೆ ಅಂಟಿದುದಲ್ಲ; ಪಾತ್ರಧಾರಿಯ ಶಕ್ತಿಗೆ ತಕ್ಕಂತೆ ಹಿಗ್ಗುವುದು, ಕುಗ್ಗುವುದು.

ಮಾತಿನ ಅಳತೆಯೇ ಪಾತ್ರದ ಅಳತೆಯೂ ಅಲ್ಲ. ಕೃಷ್ಣಸಂಧಾನದ ವಿದುರನಿಗೆ ಕೃಷ್ಣ ಕೌರವರಷ್ಟು ಮಾತಿಲ್ಲ. ಆದರೂ ಕೌರವನ ನಿಂದೆಗೆ ನೊಂದು ಅವನು ಬಿಲ್ಲನ್ನು ಮುರಿದಾಗ ಮುಂದಣ ಯುದ್ಧದ ಬಲಾಬಲವೇ ಬದಲಾಗುತ್ತದೆ. ಸುಲಭವಾದ ಪಾತ್ರಕ್ಕೆ ಇಂತಹ ಒಂದು ನಿರ್ಣಾಯಕ ಗಳಿಗೆ ಇದ್ದರೆ ಸಾಕು. ಅದನ್ನು ವಹಿಸಿದವನು ಸಭೆಯಲ್ಲಿ ತಾನೂ ಒಬ್ಬನೆಂದು ತಿಳಿಯುತ್ತಾನೆ.

ಹಾಗೆಂದು ನಮ್ಮ ಕೂಟಗಳು ನಿರ್ದೋಷವೆಂದು ಹೇಳಲಾಗದು. ಪ್ರಸಿದ್ಧನಾದ ಅರ್ಥಧಾರಿಯು ಪದ್ಯವನ್ನು ಬಿಟ್ಟು ಬಹುದೂರ ಹೋಗಿ, ಎದುರು ಕುಳಿತ ಕಿರಿಯನಿಗೆ ನಿಲುಕದ ಪ್ರಶ್ನೆಗಳನ್ನು ಒಡ್ಡಿ, ಅವನು ತಬ್ಬಿಬ್ಬಾದುದನ್ನು ಸಭೆ ಮೆಚ್ಚಿ ನಕ್ಕುದನ್ನು ನಾವು ಕಂಡಿದ್ದೇವೆ. ಅಂತಹ ಕಿರಿಯನು ಮರುವರ್ಷ ಕೂಟಕ್ಕೆ ಬಾರದಿದ್ದರೆ ಆಶ್ಚರ್ಯವೇನು? ಇದನ್ನು ತಡೆಯುವ ಅಧಿಕಾರ ಭಾಗವತನದು. ಮಾತು ಮಿತಿಮೀರಿದಾಗ ಮುಂದಿನ ಪದ್ಯವನ್ನು ಎತ್ತಿಕೊಂಡರೆ ಭಾರವು ಮತ್ತೆ ಸಮವಾಗುತ್ತದೆ. ಆ ಅಧಿಕಾರವನ್ನು ಅವನು ಸಂಕೋಚವಿಲ್ಲದೆ ಬಳಸತಕ್ಕದ್ದು.

ಮೇಜಿನಾಟದವರೂ 2014ರ ಐದನೆಯ ಆವೃತ್ತಿಯಲ್ಲಿ ಈ ತತ್ತ್ವದ ಸಮೀಪಕ್ಕೆ ಬಂದರು. ಯೋಧನೆಂಬ ಒಂದೇ ವರ್ಗದಲ್ಲಿ ‘ಚಾಂಪಿಯನ್’ ಎಂಬ ಸರಳ ಮಾರ್ಗವೂ ‘ಬ್ಯಾಟಲ್ ಮಾಸ್ಟರ್’ ಎಂಬ ಕ್ಲಿಷ್ಟ ಮಾರ್ಗವೂ ಏರ್ಪಟ್ಟವು. ಮೊದಲನೆಯವನಿಗೆ ಇಪ್ಪತ್ತು ಮುಖದ ದಾಳದಲ್ಲಿ 20 ಮಾತ್ರವಲ್ಲದೆ 19 ಬಿದ್ದರೂ ಹಿರಿಯ ಪೆಟ್ಟು ತಾನಾಗಿ ಒದಗುತ್ತದೆ. ಎರಡನೆಯವನು ಕಾಳಗದ ಪಟ್ಟುಗಳನ್ನು ಸಮಯವರಿತು ಆರಿಸಿಕೊಳ್ಳಬೇಕು. ಸುಧಾರಣೆ ಸ್ವಾಗತಾರ್ಹ, ಆದರೆ ಅರ್ಧದಲ್ಲಿಯೇ ನಿಂತಿತು. ಮಾಂತ್ರಿಕನಿಗೆ ಅಂತಹ ಸರಳ ಮಾರ್ಗವನ್ನು ಕಲ್ಪಿಸಲಿಲ್ಲ. ಹೊಸಬನು ಕತ್ತಿಯನ್ನೇ ಬಯಸುವನೆಂಬ ಊಹೆ ಇದರ ಹಿಂದಿದೆ. ತಾಳಮದ್ದಳೆಯಲ್ಲಾದರೆ ಹೊಸಬನು ಪದ್ಯವನ್ನು ಹಿಡಿದು ಕೃಷ್ಣನ ಅರ್ಥವನ್ನೂ ಹೇಳಬಲ್ಲನು.

ಆದುದರಿಂದ ಸಮತೂಕವೆಂದರೆ ಎಲ್ಲರಿಗೂ ಒಂದೇ ಹೊರೆಯನ್ನು ಹೊರಿಸುವುದಲ್ಲ. ಪ್ರತಿಯೊಂದು ಪಾತ್ರಕ್ಕೂ ಹೊಸಬನು ಹತ್ತಬಹುದಾದ ಮೊದಲ ಮೆಟ್ಟಿಲೂ, ನುರಿತವನಿಗೆ ಮುಗಿಯದ ಎತ್ತರವೂ ಇರಬೇಕು. ಕಾಲೇಜುಗಳಲ್ಲಿ ಕೂಟಗಳನ್ನು ಏರ್ಪಡಿಸುವ ಅಧ್ಯಾಪಕರು ಪಾತ್ರಗಳನ್ನು ಹಂಚುವಾಗ ಇದನ್ನು ನೆನೆದರೆ, ಮುಂದಿನ ಮಳೆಗಾಲಕ್ಕೂ ಅರ್ಥ ಹೇಳುವವರು ಉಳಿದಾರು.