ಸೆರಗಿನ ಮೇಲಿನ ಚಿತ್ರ

ಸಂಗೊಳ್ಳಿಯ ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ರೇಷ್ಮೆ ಸೀರೆಗಳಿಗೆ ಬಣ್ಣ ಹಾಕಿಕೊಡುತ್ತಾಳೆ. ಜನವರಿಯ ಉತ್ಸವ ಹತ್ತಿರ ಬಂತೆಂದರೆ ಎಲ್ಲರದೂ ಒಂದೇ ಬೇಡಿಕೆ: ಸೆರಗಿನ ಮೇಲೆ ಕತ್ತಿ ಹಿಡಿದ ರಾಯಣ್ಣ ಬೇಕು. ಅವಳ ಕೈ ಒಳ್ಳೆಯದು. ಮೀಸೆಯ ತಿರುವು, ಕಣ್ಣಿನ ಬಿರುಸು ಎಲ್ಲವೂ ಸರಿಯಾಗಿ ಬರುತ್ತವೆ. ಮಂಚದ ಮೇಲೆ ಹರವಿದರೆ ಯಾರಾದರೂ ಮೆಚ್ಚಲೇಬೇಕು. ಆದರೆ ಉಟ್ಟಾಗ? ಸೆರಗನ್ನು ನಿರಿಗೆ ಮಾಡಿ ಹೆಗಲಿಗೆ ಪಿನ್ನು ಚುಚ್ಚಿದರೆ ಉಳಿಯುವುದು ಅರ್ಧ ಮೀಸೆ, ಒಂದು ಕಣ್ಣು. ಕೆಲಸಕ್ಕೆ ನಿಂತರೆ ಅದನ್ನೂ ಸೊಂಟಕ್ಕೆ ಸಿಗಿಸಿಕೊಳ್ಳುತ್ತೇವೆ. 1831ರಲ್ಲಿ ನಂದಗಡದಲ್ಲಿ ನೇಣಿಗೇರಿದವನ ಮುಖವನ್ನು ಹಾಗೆ ಸಿಗಿಸಿಕೊಳ್ಳಲು ನನಗಂತೂ ಮನಸ್ಸು ಬಾರದು.

ಭಕ್ತಿಯ ಮಾತು ಬಿಡಿ, ಇದು ಕಸುಬಿನ ಮಾತು. ಸೀರೆ ಗೋಡೆಯಲ್ಲ. ನಮ್ಮ ಅಜ್ಜಿಯರ ಕಸೂತಿಯನ್ನು ನೆನಪು ಮಾಡಿಕೊಳ್ಳಿ. ಅಂಬಾರಿ ಆನೆ, ಗೋಪುರ, ತುಳಸಿಕಟ್ಟೆ, ನವಿಲು ಇವೆಲ್ಲ ಅಲ್ಲಿ ಪುಟ್ಟ ಪುಟ್ಟವು. ಒಂದು ನಿರಿಗೆಯಲ್ಲಿ ಮುಚ್ಚಿಹೋದ ಆನೆ ಪಕ್ಕದ ನಿರಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇಳಕಲ್ ಸೀರೆಯ ಸೆರಗೂ ಹಾಗೆಯೇ, ಕೆಂಪಿನಲ್ಲಿ ಬಿಳಿಯ ತೆನೆಗಳು ಎಷ್ಟು ಮಡಿಚಿದರೂ ಮುಕ್ಕಾಗುವುದಿಲ್ಲ. ಉಡುವವಳು ನಡೆಯುತ್ತಾಳೆ, ಬಗ್ಗುತ್ತಾಳೆ ಎಂಬುದು ಆ ನೇಕಾರರಿಗೆ ಗೊತ್ತಿತ್ತು. ಶ್ರೀಕಾಳಹಸ್ತಿಯ ಕಲಂಕಾರಿಯವರು ರಾಮಾಯಣವನ್ನೇ ಬಟ್ಟೆಯ ಮೇಲೆ ಬರೆದರಲ್ಲ ಎಂದು ನೀವು ಕೇಳಬಹುದು. ಬರೆದರು, ಆದರೆ ಗುಡಿಯಲ್ಲಿ ತೂಗುಹಾಕುವುದಕ್ಕೆ.

ಇನ್ನೊಂದು ಚಾಳಿಯೂ ಈಚೆಗೆ ಬಂದಿದೆ, ಬಣ್ಣದ ಕೋನಿನಿಂದ ಚುಕ್ಕೆಯಿಟ್ಟು ಕಸೂತಿಯಂತೆ ಕಾಣಿಸುವುದು. ನನಗೆ ಇದು ರಾಯಣ್ಣನ ಮುಖಕ್ಕಿಂತಲೂ ಬೇಸರದ್ದು. ಗವಂತಿ ಹೊಲಿಗೆಯನ್ನು ಎಳೆ ಎಣಿಸಿ ಹಾಕುತ್ತಾರೆ. ಬಟ್ಟೆಯ ಎರಡೂ ಮೈಯಲ್ಲಿ ಅದು ಒಂದೇ ಥರ ಕಾಣುತ್ತದೆ. ಈ ಚುಕ್ಕೆಗೆ ಹಿಂಬದಿಯೇ ಇಲ್ಲ. ದಪ್ಪ ಬಣ್ಣ ರೇಷ್ಮೆಯ ಮೇಲೆ ಹಪ್ಪಳದಂತೆ ಕೂಡುತ್ತದೆ, ಮಡಿಕೆ ಬಿದ್ದಲ್ಲಿ ಬಿರಿಯುತ್ತದೆ.

ರೇಷ್ಮೆಗೆ ತನ್ನದೇ ಗುಣವುಂಟು. ಅದು ಉಣ್ಣೆಯ ಹಾಗೆ ಜೀವಿಯಿಂದ ಬಂದ ಎಳೆ. ನೀರಾದ ಬಣ್ಣವನ್ನು ಮೇಲೆ ಹೊತ್ತುಕೊಳ್ಳದೆ ಒಳಗೆ ಹೀರಿಕೊಳ್ಳುತ್ತದೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಗಟ್ಟಾ ಎಂಬ ಅಂಟಿನಿಂದ ಗೆರೆ ಎಳೆದು, ಕುಂಚದ ತುದಿ ತಾಗಿಸಿದರೆ ಸಾಕು, ಬಣ್ಣ ತಾನೇ ಓಡಿ ಗೆರೆಯ ಬಳಿ ನಿಲ್ಲುತ್ತದೆ. ಹಸಿಯಿರುವಾಗಲೇ ನಾಲ್ಕು ಹರಳುಪ್ಪು ಉದುರಿಸಿದರೆ ಉಪ್ಪು ನೀರನ್ನೆಳೆದು ಅಲ್ಲಲ್ಲಿ ಹೂವಿನಂಥ ಕಲೆ ಬಿಡುತ್ತದೆ. ಆಮೇಲೆ ಕಾಗದದಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಆ ಹೊತ್ತಿನಲ್ಲಿ ಒಂದು ಹನಿ ನೀರು ಸೋಕಿದರೂ ಅಷ್ಟು ದಿನದ ದುಡಿಮೆ ಹೋಯಿತು.

ನಮ್ಮ ಹುಡುಗಿಗೆ ಇದೂ ಬರುತ್ತದೆ. ಒಂದು ಸೀರೆಗೆ ಮಲಪ್ರಭೆಯ ಸಂಜೆ ನೀರನ್ನು ಹರಿಸಿದ್ದಾಳೆ. ಬೂದಿ, ನೇರಳೆ, ಕೊನೆಗೆ ನಮ್ಮ ಎರೆಮಣ್ಣಿನ ಕಪ್ಪು. ಅದರಲ್ಲಿ ಒಂದು ಆಕಾರವೂ ಇಲ್ಲ. ಉಟ್ಟು ನಾಲ್ಕು ಹೆಜ್ಜೆ ಹಾಕಿದರೆ ನಿರಿಗೆಯ ಜೊತೆ ಬಣ್ಣವೂ ಹರಿಯುತ್ತದೆ. ನಾನು ನೋಡಿದ ಅವಳ ಸೀರೆಗಳಲ್ಲಿ ಚಿತ್ರವೆನ್ನಿಸಿಕೊಳ್ಳುವುದು ಅದೊಂದೇ. ಅದೊಂದೇ ಟ್ರಂಕಿನಲ್ಲಿ ಉಳಿದಿದೆ.

“ಅಕ್ಕಾರ, ಬಣ್ಣ ಹರಿಸಿದ್ದಕ್ಕ ಯಾರೂ ರೊಕ್ಕ ಕೊಡೂದಿಲ್ರಿ. ಮುಖ ಬರದ್ರ ಕೊಡ್ತಾರ,” ಅಂದಳು.

ಅವಳನ್ನು ತಪ್ಪೆನ್ನಲಾರೆ. ಮನೆಬಾಡಿಗೆ ಆ ಮುಖದಿಂದಲೇ ಸಲ್ಲುತ್ತದೆ. ರಾಯಣ್ಣನನ್ನು ಒಂದು ಮೀಟರು ರೇಷ್ಮೆಯ ಮೇಲೆ ಬರೆದು ಕಟ್ಟು ಹಾಕಿಸಿ ಮಾರು ಎಂದು ಹೇಳಿದೆ. ಒಂದನ್ನು ಮಾಡಿದ್ದಾಳೆ, ಚೆನ್ನಾಗಿದೆ. ಆದರೆ ಕೊಳ್ಳಲು ಬಂದ ನಮ್ಮ ಹೆಣ್ಣುಮಕ್ಕಳು ಅದನ್ನು ನೋಡಿ, “ಇದನ್ನ ಸೆರಗಿನ ಮ್ಯಾಲ ಬರದುಕೊಡವಾ” ಎನ್ನುತ್ತಿದ್ದಾರೆ.