ಸುವರ್ಣ ಪದಕದ ಮೊದಲ ಪಟ್ಟಿ: ಒಂದು ಮರುವಿಚಾರ

ಮಿಷನರಿಗಳ ವಿದ್ವತ್ತನ್ನು ಕುರಿತು ಬರೆಯುವಾಗ ಅವರಿಗೆ ದೊರೆತ ಪದಕ ಪದವಿಗಳನ್ನು ಸುವಾರ್ತಾಸೇವೆಗೆ ಸಂದ ಸಾಕ್ಷಿಪತ್ರಗಳೆಂಬಂತೆ ಎಣಿಸುವ ರೂಢಿ ನಮ್ಮಲ್ಲಿದೆ. ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಸುವರ್ಣ ಪದಕವೂ ಅಂಥ ಗೌರವಗಳಲ್ಲೊಂದು. 1823ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಅರವತ್ತನೆಯ ವರ್ಷದ ನೆನಪಿಗಾಗಿ 1897ರಲ್ಲಿ ಪದಕವನ್ನು ಏರ್ಪಡಿಸಿ, ಪೌರಸ್ತ್ಯ ಅಧ್ಯಯನಕ್ಕೆ ಮಹತ್ತರ ಕಾಣಿಕೆಯಿತ್ತವರಿಗೆ ಮೂರು ವರ್ಷಗಳಿಗೊಮ್ಮೆ ನೀಡತೊಡಗಿತು. ಸಾಮ್ರಾಜ್ಯದ ಉತ್ಸವದಲ್ಲಿ ಹುಟ್ಟಿದ ಪದಕವಿದೆಂಬುದನ್ನು ಮರೆಯದೆ ಅದರ ಮೊದಲ ಪಟ್ಟಿಯನ್ನು ಓದಬೇಕೆಂಬುದು ನಮ್ಮ ಅಭಿಪ್ರಾಯ.

1903ರಲ್ಲಿ ಪದಕ ಪಡೆದವರು ಸರ್ ವಿಲಿಯಂ ಮ್ಯೂರ್, 1906ರಲ್ಲಿ ಜಿ. ಯು. ಪೋಪ್. ಮ್ಯೂರ್ ವಾಯವ್ಯ ಪ್ರಾಂತಗಳ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು. ಅವರು ನಾಲ್ಕು ಸಂಪುಟಗಳಲ್ಲಿ ಬರೆದ ಪ್ರವಾದಿ ಮುಹಮ್ಮದರ ಜೀವನಚರಿತ್ರೆಗೆ ಪ್ರೇರಣೆಯಿತ್ತವರು ಮುಸ್ಲಿಮರೊಡನೆ ವಾಗ್ವಾದಕ್ಕೆ ಹೆಸರಾದ ಮಿಷನರಿ ಕಾರ್ಲ್ ಫಾಂಡರ್. ಅರಬ್ಬೀ ಮೂಲಗಳಿಗೇ ಹೋಗಿ ದುಡಿದ ಆ ಗ್ರಂಥದ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಎದುರಾಳಿಯ ಮನೆಯನ್ನು ಕೆಡವಲೆಂದೇ ಅದರ ಅಸ್ತಿವಾರವನ್ನು ಅಳೆದ ವಿದ್ವತ್ತು. ಸೈಯದ್ ಅಹ್ಮದ್ ಖಾನರು ಲಂಡನ್ನಿನಲ್ಲೇ ಕುಳಿತು ಉತ್ತರ ಸಿದ್ಧಪಡಿಸಿ 1870ರಲ್ಲಿ ಪ್ರಕಟಿಸಿದರು. ಮ್ಯೂರರ ಪದಕವನ್ನು ಹೊಗಳುವ ನಮ್ಮವರು ಆ ಉತ್ತರವನ್ನೂ ಓದಬೇಕಾದದ್ದು ನ್ಯಾಯ.

ಪೋಪರ ಮಾತು ಬೇರೆ. 1870ರ ದಶಕದಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿದ್ದ ಇವರು ಮುಂದೆ ಆಕ್ಸ್‌ಫರ್ಡಿನಲ್ಲಿ ತಮಿಳು ಕಲಿಸುತ್ತ, 1886ರಲ್ಲಿ ತಿರುಕ್ಕುರಳನ್ನೂ 1900ರಲ್ಲಿ ಶಿವಭಕ್ತಿಯ ತಿರುವಾಚಕವನ್ನೂ ಇಂಗ್ಲಿಷಿಗೆ ತಂದರು. ಅನ್ಯಮತದ ಪ್ರಾರ್ಥನೆಯನ್ನು ಪ್ರಾರ್ಥನೆಯಾಗಿಯೇ ಕೇಳಿಸಿಕೊಂಡ ಕಿವಿ ಅದು. ಆದರೂ ತಿರುವಳ್ಳುವರು ಕ್ರೈಸ್ತ ಬೋಧೆಯ ಪರಿಚಯ ಉಳ್ಳವರೆಂದು ಊಹಿಸುವ ಮೋಹ ಅವರನ್ನು ಬಿಟ್ಟಿರಲಿಲ್ಲ. ಒಳ್ಳೆಯದೆಲ್ಲ ನಮ್ಮಿಂದಲೇ ಹೋಗಿರಬೇಕೆಂಬ ಈ ಹಳೆಯ ಅಭ್ಯಾಸ ಪೋಪರಂಥವರಲ್ಲಿಯೂ ಕಂಡಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಪದಕ ಇಬ್ಬರ ಪಾಂಡಿತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಪಾಂಡಿತ್ಯ ಯಾವ ಮನೋಧರ್ಮದಿಂದ ಹುಟ್ಟಿತೆಂಬುದನ್ನು ತೂಗುವ ಕೆಲಸ ಅದರದಲ್ಲ, ನಮ್ಮದು.

ಪಟ್ಟಿಯಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು 1915ರ ನಮೂದು: ಆಗ್ನೆಸ್ ಸ್ಮಿತ್ ಲೂಯಿಸ್ ಮತ್ತು ಮಾರ್ಗರೆಟ್ ಡನ್ಲಪ್ ಗಿಬ್ಸನ್ ಎಂಬ ಅವಳಿ ಸಹೋದರಿಯರು, ಪ್ರೆಸ್ಬಿಟೇರಿಯನ್ ಸಭೆಯವರು. 1892ರಲ್ಲಿ ಸೀನಾಯಿ ಬೆಟ್ಟದ ಬುಡದಲ್ಲಿರುವ ಸಂತ ಕ್ಯಾಥರೀನಳ ಮಠದಲ್ಲಿ ಆಗ್ನೆಸ್ ಒಂದು ಹಳೆಯ ಚರ್ಮಪತ್ರದ ಗ್ರಂಥವನ್ನು ಗುರುತಿಸಿದರು. ಮೇಲಿನ ಬರಹ ಸಾಧ್ವಿಯರ ಚರಿತ್ರೆ. ಅದರಡಿಯಲ್ಲಿ ಉಜ್ಜಿ ಅಳಿಸಿದ್ದ ಅಕ್ಷರಗಳು ಸಿರಿಯಾಕ್ ಭಾಷೆಯ ಪ್ರಾಚೀನ ಸುವಾರ್ತೆಗಳು. ಮಾರ್ಕನ ಸುವಾರ್ತೆಯು 16:8ಕ್ಕೇ ಮುಗಿಯುವ ಮುಖ್ಯ ಸಾಕ್ಷ್ಯಗಳಲ್ಲಿ ಇದೂ ಒಂದೆಂದು ನಮ್ಮ ವಿದ್ಯಾರ್ಥಿಗಳು ಬಲ್ಲರು. ಮರುವರ್ಷ ಕೇಂಬ್ರಿಡ್ಜಿನ ಬೆನ್ಸ್ಲಿ, ಬರ್ಕಿಟ್, ರೆಂಡೆಲ್ ಹ್ಯಾರಿಸ್ ಜೊತೆಗೂಡಿ ಹೋಗಿ ಪಾಠವನ್ನು ನಕಲಿಸಿದರು. 1894ರ ಮುದ್ರಣದ ಮುಖಪುಟದಲ್ಲಿ ಪಾಠವನ್ನು ಓದಿದವರೆಂದು ಆ ಮೂವರು ಪುರುಷರ ಹೆಸರಿದೆ; ಆಗ್ನೆಸ್ ಪೀಠಿಕೆಯ ಲೇಖಕಿ ಮಾತ್ರ. ಸಹೋದರಿಯರು ವಾಸವಿದ್ದ ಊರಿನ ವಿಶ್ವವಿದ್ಯಾನಿಲಯವು 1948ರವರೆಗೆ ಸ್ತ್ರೀಯರಿಗೆ ಪೂರ್ಣ ಪದವಿಯನ್ನೇ ಕೊಡಲಿಲ್ಲ. ಎಪ್ಪತ್ತು ದಾಟಿದ ಇವರಿಬ್ಬರಿಗೆ ಪದಕವಿತ್ತಾಗ, ವಿದ್ಯಾಪೀಠವು ಮುಚ್ಚಿದ್ದ ಬಾಗಿಲನ್ನು ಒಂದು ವಿದ್ವತ್ಸಂಸ್ಥೆ ತೆರೆದಂತಾಯಿತು. ಪದಕದ ವಿರುದ್ಧ ನಾವು ಏನೇ ಹೇಳಿದರೂ ಈ ಒಂದು ಸತ್ಕಾರ್ಯವನ್ನು ಮನ್ನಿಸಲೇಬೇಕು.

ನಮ್ಮ ನಾಡಿನ ಶಾಸನಗಳನ್ನು ಓದಿದ ಜೆ. ಎಫ್. ಫ್ಲೀಟ್ 1912ರಲ್ಲಿ ಈ ಪದಕಕ್ಕೆ ಪಾತ್ರರಾದರು. ಬ್ರಿಟಿಷರು ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವರೂ ಈ ಬ್ರಿಟಿಷ್ ಅಧಿಕಾರಿಯೇ. ಆದರೆ ಫರ್ಡಿನಾಂಡ್ ಕಿಟ್ಟೆಲರ ಹೆಸರು ಪಟ್ಟಿಯಲ್ಲಿಲ್ಲ. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ತೀರಿಕೊಂಡರು. ಲಂಡನ್ ಅವರನ್ನು ಕಾಣಲಿಲ್ಲವೆಂದು ಕೊರಗುವ ಲೇಖನಗಳಿಗೆ ನಮ್ಮ ಸಹಾನುಭೂತಿಯಿಲ್ಲ. ಆ ನಿಘಂಟಿನ ಬೆನ್ನ ಹಿಂದೆ ಹಳಗನ್ನಡ ಕಾವ್ಯಗಳನ್ನು ಬಿಡಿಸಿ ಹೇಳಿದ, ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಒದಗಿಸಿದ ಕನ್ನಡ ಪಂಡಿತರಿದ್ದರು. ಕಿಟ್ಟೆಲರಿಗೆ ಪದಕ ಬಂದಿದ್ದರೂ ಅದರ ಮೇಲೆ ಅವರ ಹೆಸರು ಕೆತ್ತಲ್ಪಡುತ್ತಿರಲಿಲ್ಲ. ಸಭಾಚರಿತ್ರೆಯ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಕೇಳಿ ಬಂದಾಗ ನಾವು ಈಚೆಗೆ ಆ ಪಂಡಿತರ ಕಡೆಗೇ ಬೆರಳು ತೋರಿಸುತ್ತಿದ್ದೇವೆ.